ಅಮ್ಮತ್ತಿ ತೋಟದ ಎರಡು ದಿನದ ಸಿಗ್ನಲ್ ತರಬೇತಿ: ಹೋಗಿ ಬಂದವಳ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಎರಡು ದಿನಕ್ಕೆ 1,800 ರೂಪಾಯಿ. ಮಧ್ಯಾಹ್ನದ ಊಟ, ಎರಡು ಹೊತ್ತಿನ ಕಾಫಿ ಅದರಲ್ಲೇ ಸೇರಿದೆ. ಜಾಗ ಕೊಡಗಿನ ಅಮ್ಮತ್ತಿ ಹತ್ತಿರದ ಒಂದು ಕಾಫಿ ತೋಟ. ಕಲಿಸುವುದು ಒಂದೇ ವಿಷಯ: ಅಂಪೈರ್ ಅಥವಾ ರೆಫರಿ ಆದವರು ಕೈಯಲ್ಲಿ ಸಿಗ್ನಲ್ ಕೊಡುವುದು ಹೇಗೆ. ಅಷ್ಟೇ. ರೂಲ್ಸ್ ಕಲಿಸುವುದಿಲ್ಲ, ಓಡುವುದು ಕಲಿಸುವುದಿಲ್ಲ. ಬರೀ ಕೈ, ನಿಲುವು, ಕಣ್ಣು, ಸ್ವಲ್ಪ ವಿಸಲ್. ಇಷ್ಟಕ್ಕೆ ಎರಡು ದಿನ ಬೇಕಾ ಅಂತ ಫೋನ್ ಮಾಡಿದಾಗ ನಾನೇ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ ಎರಡು ದಿನ ಸಾಲದು ಅನ್ನುತ್ತೇನೆ.

ನಾನು ವಿರಾಜಪೇಟೆ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿಟಿ ಮಿಸ್. ಹಾಕಿ ಆಡಿಕೊಂಡೇ ಬೆಳೆದವಳು. ಹನ್ನೊಂದು ವರ್ಷದಿಂದ ಶಾಲೆಗಳ ಮ್ಯಾಚಿಗೆ ಅಂಪೈರ್ ಆಗಿ ನಿಲ್ಲುತ್ತಿದ್ದೇನೆ. ನನಗೆ ಸಿಗ್ನಲ್ ಬರುವುದಿಲ್ಲ ಅಂತ ಯಾರಾದರೂ ಹೇಳಿದ್ದರೆ ಸಿಟ್ಟೇ ಬರುತ್ತಿತ್ತು.

ಆದರೆ ಹೋದ ವರ್ಷ ಒಂದು ಮ್ಯಾಚ್ ನಡೆಯಿತು. ಹುಡುಗಿಯರ ಸೆಮಿಫೈನಲ್, ಇನ್ನೇನು ಎರಡು ನಿಮಿಷ ಬಾಕಿ. ಸರ್ಕಲ್ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದಲ್ಲಿ, ಡಿಫೆಂಡರ್ ಕಾಲಿಗೆ ಬಾಲ್ ತಗುಲಿತು. ಹಾಕಿಯಲ್ಲಿ ಅದು ತಪ್ಪು. ತಕ್ಷಣ ವಿಸಲ್ ಊದಿದೆ. ಊದುವುದಕ್ಕೂ ಫಾರ್ವರ್ಡ್ ಹುಡುಗಿ ಬಾಲನ್ನು ಗೋಲಿಗೆ ತಳ್ಳುವುದಕ್ಕೂ ಸರಿಹೋಯಿತು. ನಾನು ಕೊಟ್ಟಿದ್ದು ಪೆನಾಲ್ಟಿ ಕಾರ್ನರ್, ಅಂದರೆ ಆ ತಪ್ಪಿಗೆ ಎದುರು ತಂಡಕ್ಕೆ ಗೋಲ್ ಪಕ್ಕದ ಗೆರೆಯಿಂದ ಸಿಗುವ ಹೊಡೆತ. ಅದಕ್ಕೆ ಎರಡೂ ಕೈಯನ್ನು ಗೋಲಿನ ಕಡೆಗೆ ಅಡ್ಡಕ್ಕೆ ಚಾಚಬೇಕು. ಅದೇ ಎರಡೂ ಕೈಯನ್ನು ಮೈದಾನದ ನಡುವಿನ ಕಡೆಗೆ ಚಾಚಿದರೆ ಗೋಲ್ ಅಂತ ಅರ್ಥ. ನಾನು ಓಡುತ್ತಾ, ತಿರುಗುತ್ತಾ, ಮೊಣಕೈ ಮಡಚಿಕೊಂಡೇ ಕೈ ಎತ್ತಿದ್ದೆ. ಅದು ಯಾವ ಕಡೆಗೂ ಇರಲಿಲ್ಲ. ಹುಡುಗಿಯರು ಗೋಲ್ ಅಂದುಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು, ಟೇಬಲ್‌ನಲ್ಲಿ ಕೂತವರು ಗೋಲ್ ಅಂತಲೇ ಬರೆದರು, ಆಮೇಲೆ ನಾನು ಹೋಗಿ ಅದನ್ನು ಹೊಡೆಸಿ ಹಾಕಬೇಕಾಯಿತು. ಆ ಫಾರ್ವರ್ಡ್ ಹುಡುಗಿ ಅತ್ತುಬಿಟ್ಟಳು. ಕಾರ್ನರ್‌ನಲ್ಲಿ ಗೋಲ್ ಬರಲಿಲ್ಲ, ಅವರು ಸೋತರು. ಒಂದು ಉಸಿರು ತಡೆದು ನೋಡಿದ್ದರೆ ಅಡ್ವಾಂಟೇಜ್ ಕೊಟ್ಟು, ಅಂದರೆ ತಪ್ಪಾದರೂ ಆಟ ನಿಲ್ಲಿಸದೆ ಲಾಭ ಇರುವ ತಂಡಕ್ಕೆ ಆಡಲು ಬಿಟ್ಟು, ಅದು ಸರಿಯಾದ ಗೋಲೇ ಆಗುತ್ತಿತ್ತು. ಇದು ನನ್ನ ಮನಸ್ಸಿಂದ ಇವತ್ತಿಗೂ ಹೋಗಿಲ್ಲ. ನನ್ನ ತೀರ್ಪಿನ ಅವಸರ ಒಂದು ತಪ್ಪು, ಕೈಯ ಅವಸರ ಇನ್ನೊಂದು ತಪ್ಪು. ಎರಡೂ ಒಂದೇ ಬೇರಿನವು ಅಂತ ಗೊತ್ತಾಗಿದ್ದು ಈ ತರಬೇತಿಯಲ್ಲಿ.

ಕಲಿಸುವವರು ಅರವತ್ತು ದಾಟಿದವರು. ಊರಲ್ಲಿ ಎಲ್ಲರೂ ಅಂಕಲ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಕೆಲಸದ ಮೇಲೆ ಅಮೆರಿಕಕ್ಕೆ ಹೋಗಿ ಅಲ್ಲೇ ಬಹಳ ವರ್ಷ ಇದ್ದರಂತೆ. ಅಲ್ಲಿ ಶುಕ್ರವಾರ ಸಂಜೆ ಅಂದರೆ ಹೈಸ್ಕೂಲ್ ಹುಡುಗರ ಅಮೆರಿಕನ್ ಫುಟ್‌ಬಾಲ್, ಊರಿಗೆ ಊರೇ ಬಂದು ಕೂರುತ್ತದೆ. ಅಂಕಲ್ ಆ ಮ್ಯಾಚುಗಳಿಗೆ ಅಫಿಷಿಯಲ್, ಅಂದರೆ ತೀರ್ಪುಗಾರರಲ್ಲಿ ಒಬ್ಬರಾಗಿ ನಿಂತವರು. ಈಗ ವಾಪಸ್ ಬಂದು ಮನೆತನದ ತೋಟ ನೋಡಿಕೊಳ್ಳುತ್ತಿದ್ದಾರೆ. ಕಾಫಿ ಕುಯ್ಲು ಮುಗಿದು ಹಾಕಿ ಸೀಸನ್ ಶುರುವಾಗುವ ನಡುವಿನ ವಾರಗಳಲ್ಲಿ ಮಾತ್ರ ಈ ಕ್ಲಾಸ್. ನಾವು ಹೋದಾಗ ಮಾರ್ಚ್ ಮೊದಲ ವಾರ. ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಬಿಟ್ಟಿದ್ದರು, ಕಣದ ಒಂದು ಮೂಲೆಯಲ್ಲಿ ಕರಿಮೆಣಸು ಒಣಗುತ್ತಿತ್ತು, ಉಳಿದ ಕಣವೇ ನಮ್ಮ ಮೈದಾನ. ಒಟ್ಟು 14 ಜನ ಇದ್ದೆವು. ಹೆಚ್ಚಿನವರು ಹಾಕಿಯವರು, ಇಬ್ಬರು ಕಬಡ್ಡಿಯವರು, ಒಬ್ಬರು ಥ್ರೋಬಾಲ್.

ಮೊದಲ ದಿನ ಹಾಕಿ ಮಾತೇ ಇಲ್ಲ. ಪೂರ್ತಿ ಅಮೆರಿಕನ್ ಫುಟ್‌ಬಾಲ್. ನನ್ನ ಪಕ್ಕ ಕೂತಿದ್ದ ಪೊನ್ನಂಪೇಟೆಯ ಮಾಸ್ಟರ್ ಒಬ್ಬರು, ಇದು ನಮಗೆ ಯಾಕೆ ಅಂತ ಮೆಲ್ಲಗೆ ಗೊಣಗಿದರು. ನನಗೂ ಹಾಗೇ ಅನಿಸಿತು. ಆದರೆ ಅಂಕಲ್ ಹೇಳಿದ ಕಾರಣ ಸರಿಯಾಗಿದೆ. ಹಾಕಿಯಲ್ಲಿ ಆಟ ಹರಿಯುತ್ತಾ ಇರುತ್ತದೆ, ಸಿಗ್ನಲ್ ಸ್ವಲ್ಪ ಕೆಟ್ಟರೂ ಆಟ ಅದನ್ನು ಮುಚ್ಚಿಹಾಕುತ್ತದೆ. ಆ ಆಟದಲ್ಲಿ ಹಾಗಲ್ಲ. ಕೆಲವೇ ಸೆಕೆಂಡ್ ಆಟ, ಆಮೇಲೆ ನಿಲುಗಡೆ. ಏನಾಯಿತು ಅಂತ ಅಫಿಷಿಯಲ್ ಹೇಳಿದರೇ ಮುಂದಿನದು.

ಗೊತ್ತಿಲ್ಲದವರಿಗೆ ಎರಡು ಮಾತು. ಹೆಸರು ಫುಟ್‌ಬಾಲ್ ಆದರೂ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡು, ತಲೆಗೆ ಹೆಲ್ಮೆಟ್, ತಂಡಕ್ಕೆ 11 ಜನ, 100 ಗಜದ ಮೈದಾನ, ಎರಡು ತುದಿಯಲ್ಲೂ ಹತ್ತತ್ತು ಗಜದ ಎಂಡ್ ಝೋನ್. ನಾಲ್ಕು ಪ್ರಯತ್ನದ ಒಳಗೆ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಮೈದಾನದೊಳಗೆ 7 ಅಫಿಷಿಯಲ್‌ಗಳು. ಅವರಲ್ಲಿ ಬಿಳಿ ಟೋಪಿಯವರು ಒಬ್ಬರೇ ರೆಫರಿ, ಉಳಿದವರದು ಕಪ್ಪು ಟೋಪಿ. ತಪ್ಪು ಯಾರೇ ಹಿಡಿಯಲಿ, ಹಳದಿ ಬಟ್ಟೆ ಎಸೆದು, ಬಂದು ರೆಫರಿಗೆ ಹೇಳುತ್ತಾರೆ. ಊರಿಗೆಲ್ಲ ತೋರಿಸುವುದು ರೆಫರಿಯ ಕೆಲಸ.

ಆ ಬಟ್ಟೆಯ ಕತೆ ನನಗೆ ಬಹಳ ಇಷ್ಟವಾಯಿತು. ಮೊದಲು ತಪ್ಪಾದಾಗ ಹಾರ್ನ್ ಊದುತ್ತಿದ್ದರಂತೆ. ಜನರ ಕೂಗಾಟದಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ. 1941ರಲ್ಲಿ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ ಅದರ ಬದಲು ಬಟ್ಟೆ ಎಸೆಯುವುದನ್ನು ಮೊದಲ ಸಲ ಮಾಡಿಸಿ ನೋಡಿದರು. ಆ ಬಾವುಟ ಹೊಲಿದುಕೊಟ್ಟವರು ಅವರ ಹೆಂಡತಿ. ಎನ್‌ಎಫ್‌ಎಲ್ ಅದನ್ನು 1948ರಲ್ಲಿ ತಂದಿತು. ರೆಫರಿಗೆ ಮೈಕ್ ಬಂದಿದ್ದು 1975ರಲ್ಲಿ. ಅಂದರೆ ಅಲ್ಲಿಯವರೆಗೆ ಸಾವಿರಾರು ಜನರಿಗೆ ರೆಫರಿಯ ಕೈ ಬಿಟ್ಟರೆ ಬೇರೆ ಬಾಯಿ ಇರಲಿಲ್ಲ. ಹೈಸ್ಕೂಲ್ ಮೈದಾನಗಳಲ್ಲಿ ಹೆಚ್ಚಿನ ಕಡೆ ಇವತ್ತಿಗೂ ಕೈಯೇ ಬಾಯಿ. ನಮ್ಮ ಶಾಲೆಯ ಮೈದಾನಗಳೂ ಹಾಗೇ ಅಲ್ವಾ?

ಅಂಕಲ್ ತಮ್ಮ ಹಳೇ ಹಳದಿ ಬಾವುಟವನ್ನು ಕೈಯಿಂದ ಕೈಗೆ ಕೊಟ್ಟರು. ಗಾಳಿಗೆ ಹಾರದೆ ದೂರ ಹೋಗಿ ಬೀಳಲಿ ಅಂತ ಮಧ್ಯದಲ್ಲಿ ಸ್ವಲ್ಪ ಭಾರ ಕಟ್ಟಿರುತ್ತಾರೆ. ಆಟಗಾರನ ಮುಖದ ಕಡೆ ಯಾವತ್ತೂ ಎಸೆಯಬೇಡಿ ಅಂತ ಗಟ್ಟಿಯಾಗಿ ಹೇಳಿದರು. 1999ರಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಒರ್ಲ್ಯಾಂಡೊ ಬ್ರೌನ್ ಎಂಬ ಆಟಗಾರನ ಕಣ್ಣಿಗೆ ಹೀಗೇ ಬಾವುಟ ಬಡಿದು, ಆತ ಮೂರು ವರ್ಷ ಆಡಲಾಗದೆ ಕೂರಬೇಕಾಯಿತು. ನಮ್ಮಲ್ಲಿ ಬಾವುಟ ಎಸೆಯುವ ಆಟ ಇಲ್ಲ, ಆದರೂ ಹುಡುಗರ ಮುಖಕ್ಕೆ ಹತ್ತಿರ ಕಾರ್ಡ್ ಹಿಡಿಯುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಇನ್ನು ಸಿಗ್ನಲ್‌ಗಳು. ಎರಡೂ ಕೈ ನೇರ ಮೇಲೆ ಎತ್ತಿದರೆ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಎಂಡ್ ಝೋನ್‌ಗೆ ತಲುಪಿಸಿದ್ದು. ತಲೆಯ ಮೇಲೆ ಎರಡೂ ಅಂಗೈ ಜೋಡಿಸಿದರೆ ಸೇಫ್ಟಿ, ಅಂದರೆ ಚೆಂಡು ಹಿಡಿದವನನ್ನು ಅವನದೇ ಎಂಡ್ ಝೋನ್‌ನಲ್ಲಿ ಕೆಡವಿದ್ದು, ಅದಕ್ಕೆ 2 ಅಂಕ. ದೇವಸ್ಥಾನದಲ್ಲಿ ಕೈ ಮುಗಿದ ಹಾಗೇ ಕಾಣುತ್ತದೆ, ಹಾಗಾಗಿ ನಮಗೆಲ್ಲ ಒಂದೇ ಸಲಕ್ಕೆ ಬಾಯಿಪಾಠ ಆಯಿತು. ಎದೆಯ ಮುಂದೆ ಎರಡು ಮುಂಗೈಗಳನ್ನು ಒಂದರ ಸುತ್ತ ಒಂದು ತಿರುಗಿಸಿದರೆ ಫಾಲ್ಸ್ ಸ್ಟಾರ್ಟ್, ಅಂದರೆ ಆಟ ಶುರುವಾಗುವ ಮೊದಲೇ ಅಲ್ಲಾಡಿದ್ದು, 5 ಗಜ ದಂಡ. ಮುಷ್ಟಿ ಕಟ್ಟಿದ ಒಂದು ಕೈಯ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದರೆ ಹೋಲ್ಡಿಂಗ್, 10 ಗಜ. ಸೊಂಟದ ಮೇಲೆ ಎರಡೂ ಕೈ ಇಟ್ಟರೆ ಆಫ್‌ಸೈಡ್, ಅಂದರೆ ಆಟ ಶುರುವಾಗುವಾಗ ಗೆರೆಯ ಆಚೆ ಇದ್ದಿದ್ದು. ಕೈ ಕಟ್ಟಿ ನಿಂತರೆ ಡಿಲೇ ಆಫ್ ಗೇಮ್. ತಲೆಯ ಮೇಲೆ ಒಂದು ಮಣಿಕಟ್ಟಿನಿಂದ ಇನ್ನೊಂದಕ್ಕೆ ಹೊಡೆದರೆ ಪರ್ಸನಲ್ ಫೌಲ್, ಅಂದರೆ ಅಪಾಯದ ಒರಟಾಟ, 15 ಗಜ. ಅದರ ಜೊತೆಗೆ ಕಾಲು ಬೀಸಿದರೆ ಕಿಕ್ಕರ್ ಮೇಲೆ ಬಿದ್ದಿದ್ದು ಅಂತ, ಕೈ ಎತ್ತಿ ಎಸೆಯುವ ಹಾಗೆ ಮಾಡಿದರೆ ಪಾಸ್ ಎಸೆಯುವವನ ಮೇಲೆ ಬಿದ್ದಿದ್ದು ಅಂತ. ನೋಡಿ, ಇದರಲ್ಲಿ ಒಂದು ಜಾಣತನ ಇದೆ. ಹೆಚ್ಚಿನ ಸಿಗ್ನಲ್‌ಗಳು ನಡೆದ ತಪ್ಪಿನ ಚಿತ್ರವೇ. ಹಿಡಿದಿದ್ದಕ್ಕೆ ಹಿಡಿದು ತೋರಿಸುವುದು, ತಡ ಮಾಡಿದ್ದಕ್ಕೆ ಕೈ ಕಟ್ಟಿ ನಿಲ್ಲುವುದು. ಹಾಕಿಯಲ್ಲೂ ಕಾಲಿಗೆ ಬಾಲ್ ತಗುಲಿದರೆ ಕಾಲು ಸ್ವಲ್ಪ ಎತ್ತಿ ಪಾದದ ಹತ್ತಿರ ಮುಟ್ಟಿ ತೋರಿಸುತ್ತೇವೆ. ಆಟ ಬೇರೆಯಾದರೂ ಯೋಚನೆ ಒಂದೇ.

ಆದರೆ ಅಂಕಲ್ ಪ್ರಕಾರ ಯಾವ ಸಿಗ್ನಲ್‌ಗೆ ಯಾವ ಕೈ ಅಂತ ಬಾಯಿಪಾಠ ಮಾಡುವುದು ಸುಲಭದ ಭಾಗ. ಕಷ್ಟ ಇರುವುದು ಕೊಡುವ ರೀತಿಯಲ್ಲಿ. ಅವರು ಇಡೀ ದಿನ ಐದೇ ಮಾತು ಹೇಳುತ್ತಿದ್ದರು. ನಿಲ್ಲಿ. ನೋಡಿ. ಉಸಿರು ಬಿಡಿ. ತೋರಿಸಿ. ಹಿಡಿದಿರಿ.

ಓಡುತ್ತಾ ಸಿಗ್ನಲ್ ಕೊಡಬಾರದು. ರೆಫರಿ ಮೊದಲು ಆಟಗಾರರ ಗುಂಪಿನಿಂದ ಹೊರಗೆ ಬರಬೇಕು. ಸುತ್ತ ಯಾರೂ ಇಲ್ಲದ ಜಾಗಕ್ಕೆ ಬಂದು, ಅಂಕ ಬರೆಯುವವರು ಕೂತ ಕಡೆಗೆ ಮುಖ ಮಾಡಿ, ಎರಡೂ ಕಾಲು ನೆಲಕ್ಕೆ ಊರಿ, ಆಮೇಲೆ ಕೈ. ತಪ್ಪು ಯಾವುದು ಅಂತ ಮೊದಲು, ಯಾವ ತಂಡದ್ದು ಅಂತ ಆಮೇಲೆ. ಎರಡು ತಪ್ಪು ಇದ್ದರೆ ಎರಡನ್ನೂ ಒಟ್ಟಿಗೆ ಕಲಸಬಾರದು, ಒಂದು ಮುಗಿಸಿ ಕೈ ಇಳಿಸಿ ಇನ್ನೊಂದು. ಕೈ ಎತ್ತಿದ ಮೇಲೆ ಕನಿಷ್ಠ ಎರಡು ಸೆಕೆಂಡ್ ಅಲ್ಲಾಡಿಸದೆ ಹಿಡಿಯಬೇಕು. ಎರಡು ಸೆಕೆಂಡ್ ಅಂದರೆ ಎಷ್ಟು ಅಂತ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಅರ್ಧ ಸೆಕೆಂಡಿಗೇ ಕೈ ಇಳಿಸುತ್ತಿದ್ದೆವು. ಅದಕ್ಕೆ ಅಂಕಲ್ ಒಂದು ಉಪಾಯ ಹೇಳಿಕೊಟ್ಟರು. ಮನಸ್ಸಿನಲ್ಲೇ ನಿಧಾನಕ್ಕೆ ಎರಡು ಸಲ ನಮ್ಮ ಕೊಡಗಿನ ದೇವರು ಇಗ್ಗುತ್ತಪ್ಪನ ಹೆಸರು ಅನ್ನಿ, ಆಮೇಲೆ ಕೈ ಇಳಿಸಿ. ನಾನು ಈಗಲೂ ಹಾಗೇ ಮಾಡುತ್ತೇನೆ. ಕೈಯೂ ನಿಲ್ಲುತ್ತದೆ, ಮನಸ್ಸೂ ನಿಲ್ಲುತ್ತದೆ.

ಟಚ್‌ಡೌನ್ ಬಗ್ಗೆಯೇ ಅರ್ಧ ಗಂಟೆ ಹೇಳಿದರು. ಎರಡು ಕೈ ಎತ್ತುವುದರಲ್ಲಿ ಏನಿದೆ ಅನಿಸುತ್ತದೆ. ಆದರೆ ಚೆಂಡು ಗೆರೆ ದಾಟಿದ್ದನ್ನು ಕಣ್ಣಾರೆ ನೋಡಬೇಕು. ಆಟಗಾರ ದಾಟಿದ, ಆದ್ದರಿಂದ ಚೆಂಡೂ ದಾಟಿರಬೇಕು ಅಂತ ಊಹಿಸಿ ಎತ್ತಬಾರದು. ಜನ ಕೂಗಿದರು ಅಂತ ಎತ್ತಬಾರದು. ಎತ್ತುವಾಗ ಕುಪ್ಪಳಿಸಬಾರದು, ಆ ತಂಡದ ಖುಷಿಯಲ್ಲಿ ನಾವೂ ಪಾಲುದಾರರು ಅನ್ನುವ ಹಾಗೆ ಕಾಣಬಾರದು. ಮೊಣಕೈ ನೇರ, ಬೆರಳುಗಳು ಕೂಡಿರಬೇಕು.

ಆಮೇಲೆ ಒಂದು ವಿಡಿಯೋ ಹಾಕಿದರು. 2012ರ ಸೆಪ್ಟೆಂಬರ್ 24, ಸಿಯಾಟಲ್ ಮತ್ತು ಗ್ರೀನ್ ಬೇ ತಂಡಗಳ ಮ್ಯಾಚು. ಆಗ ಎನ್‌ಎಫ್‌ಎಲ್ ಮತ್ತು ಅದರ ಕಾಯಂ ಅಫಿಷಿಯಲ್‌ಗಳ ನಡುವೆ ತಕರಾರು ನಡೆದು, ಬದಲಿಗೆ ಬೇರೆಯವರನ್ನು ನಿಲ್ಲಿಸಿದ್ದರು. ಕೊನೆಯ ಎಸೆತ. ಎಂಡ್ ಝೋನ್‌ನಲ್ಲಿ ಎರಡೂ ತಂಡದವರು ಒಟ್ಟಿಗೆ ಹಾರಿ ಒಂದೇ ಚೆಂಡಿಗೆ ಕೈ ಹಾಕಿ ಬಿದ್ದರು. ಇಬ್ಬರು ಅಫಿಷಿಯಲ್‌ಗಳು ಓಡಿ ಬಂದರು, ಪಕ್ಕಪಕ್ಕ ನಿಂತರು. ಒಬ್ಬರು ಎರಡೂ ಕೈ ಎತ್ತಿ ಟಚ್‌ಡೌನ್ ಅಂದರು. ಇನ್ನೊಬ್ಬರು ಅದೇ ಹೊತ್ತಿಗೆ ತಲೆಯ ಮೇಲೆ ಕೈ ಆಡಿಸಿ ಗಡಿಯಾರ ನಿಲ್ಲಿಸಿ ಅಂದರು. ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ, ಮಾತಾಡಿರಲಿಲ್ಲ. ಟಚ್‌ಡೌನ್ ಉಳಿಯಿತು, ಸಿಯಾಟಲ್ 14-12ರಲ್ಲಿ ಗೆದ್ದಿತು. ದೇಶವಿಡೀ ಗಲಾಟೆ ಆಯಿತು, ಎರಡು ಮೂರು ದಿನದಲ್ಲೇ ಒಪ್ಪಂದವಾಗಿ ಕಾಯಂ ಅಫಿಷಿಯಲ್‌ಗಳು ವಾಪಸ್ ಬಂದರು. ತೀರ್ಪು ಸರಿಯೋ ತಪ್ಪೋ ಅದರ ಚರ್ಚೆಗೆ ಅಂಕಲ್ ಹೋಗಲೇ ಇಲ್ಲ. ಆ ಎರಡು ಜೊತೆ ಕೈಗಳನ್ನು ಮಾತ್ರ ನೋಡಿ ಅಂದರು. ಆ ಚಿತ್ರ ನೋಡಿದಾಗ ನನ್ನ ಸೆಮಿಫೈನಲ್ಲೇ ಕಣ್ಣ ಮುಂದೆ ಬಂತು. ನನ್ನ ಜೊತೆ ನಿಂತಿದ್ದ ಅಂಪೈರ್ ಕಡೆಗೂ ನಾನು ಅವತ್ತು ಒಂದು ಸಲ ತಿರುಗಿ ನೋಡಿರಲಿಲ್ಲ.

ಸಂಜೆಯ ಅಭ್ಯಾಸ ಇಡೀ ತರಬೇತಿಯಲ್ಲೇ ಬೆಸ್ಟ್. ಇಬ್ಬಿಬ್ಬರ ಜೋಡಿ. ಒಬ್ಬರು ಕಣದಲ್ಲಿ, ಇನ್ನೊಬ್ಬರು ತೋಟದ ರಸ್ತೆಯಲ್ಲಿ ದೂರ ಹೋಗಿ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಬೇಕು, ಹೆಚ್ಚುಕಡಿಮೆ ಒಂದು ಹಾಕಿ ಮೈದಾನದ ಉದ್ದ. ಕಣದಲ್ಲಿ ಇರುವವರು 20 ಸಿಗ್ನಲ್ ಕೊಡಬೇಕು, ಬಾಯಿ ಬಿಡಬಾರದು. ದೂರದವರು ಕಂಡಿದ್ದನ್ನು ಬರೆಯಬೇಕು. ನನ್ನ 20ರಲ್ಲಿ ಜೋಡಿಗೆ ಅರ್ಥವಾಗಿದ್ದು 11. ಬರೀ 11! ಹನ್ನೊಂದು ವರ್ಷ ಅಂಪೈರಿಂಗ್ ಮಾಡಿದವಳು ನಾನು. ಯಾಕೆ ಅಂತ ಅವರು ಮೊಬೈಲಿನಲ್ಲಿ ತೆಗೆದ ವಿಡಿಯೋ ತೋರಿಸಿದರು. ಮೊಣಕೈ ಮಡಚಿದೆ. ಬೆರಳು ಬಿಡಿಬಿಡಿ. ಎಡಕ್ಕೆ ತೋರಿಸಬೇಕಾದಾಗ ಬಲಗೈಯನ್ನೇ ಎದೆಯ ಮೇಲೆ ಹಾಯಿಸಿ ತೋರಿಸಿದ್ದೇನೆ. ಬಟ್ಟೆಯ ಮೇಲೆ ಕೈ ಬಂದರೆ ದೂರಕ್ಕೆ ಕೈಯೇ ಕಾಣುವುದಿಲ್ಲ, ಮಾಯ ಆಗುತ್ತದೆ. ಎಡಕ್ಕೆ ಎಡಗೈ, ಬಲಕ್ಕೆ ಬಲಗೈ. ಅಂತಾರಾಷ್ಟ್ರೀಯ ಹಾಕಿ ನಿಯಮದಲ್ಲೂ ದಿಕ್ಕಿನ ಸಿಗ್ನಲನ್ನು ಮೈ ಮೇಲೆ ಹಾಯಿಸಬಾರದು ಅಂತಲೇ ಇದೆ. ಓದಿದ್ದೆ. ಓದಿದ್ದು ಕೈಗೆ ಇಳಿದಿರಲಿಲ್ಲ.

ಎರಡನೇ ದಿನ ಹಾಕಿ. ಮೊದಲ ದಿನ ಕಲಿತಿದ್ದನ್ನೆಲ್ಲ ನಮ್ಮ ಸಿಗ್ನಲ್‌ಗೆ ಹೊಂದಿಸುವುದು. ಅಬ್‌ಸ್ಟ್ರಕ್ಷನ್‌ಗೆ, ಅಂದರೆ ಬಾಲ್ ಆಡಲು ಬಿಡದೆ ಮೈ ಅಡ್ಡ ಹಾಕಿದ್ದಕ್ಕೆ, ಎದೆಯ ಮುಂದೆ ಮುಂಗೈಗಳನ್ನು ಅಡ್ಡ ಹಾಕುವುದು. ಅಪಾಯದ ಆಟಕ್ಕೆ ಒಂದು ಮುಂಗೈಯನ್ನು ಎದೆಯ ಮೇಲೆ ಓರೆಯಾಗಿ ಇಡುವುದು. ಇವೆರಡನ್ನೂ ಅವಸರದಲ್ಲಿ ಕೊಟ್ಟರೆ ದೂರಕ್ಕೆ ಒಂದೇ ಥರ ಕಾಣುತ್ತವೆ, ಪರೀಕ್ಷೆ ಮಾಡಿ ನೋಡಿ. ಬಾಲ್ ಎದ್ದಿದ್ದಕ್ಕೆ ಎರಡು ಅಂಗೈಗಳನ್ನು ಒಂದರ ಮೇಲೊಂದು ಅಡ್ಡಕ್ಕೆ, ನಡುವೆ ಸುಮಾರು 150 ಮಿಲಿಮೀಟರ್ ಬಿಟ್ಟು ಹಿಡಿಯುವುದು. 5 ಮೀಟರ್ ದೂರ ಹೋಗಿ ಅನ್ನಲು ಒಂದು ಕೈ ನೇರ ಮೇಲೆ, ಐದೂ ಬೆರಳು ಬಿಡಿಸಿ. ಇಲ್ಲಿ ಮಾತ್ರ ಬೆರಳು ಬಿಡಿಸಬೇಕು. ಪೆನಾಲ್ಟಿ ಸ್ಟ್ರೋಕ್‌ಗೆ, ಅಂದರೆ ಗೋಲ್‌ಕೀಪರ್ ಒಬ್ಬರ ಎದುರಿನ ಹೊಡೆತಕ್ಕೆ, ಒಂದು ಕೈ ಸ್ಟ್ರೋಕ್ ಗುರುತಿನ ಕಡೆ, ಇನ್ನೊಂದು ನೇರ ಮೇಲೆ. ಅದೇ ಸಿಗ್ನಲ್ ಸಮಯ ನಿಲ್ಲಿಸಿದ್ದನ್ನೂ ಹೇಳುತ್ತದೆ. ಅಡ್ವಾಂಟೇಜ್ ಕೊಟ್ಟಾಗ ಸುಮ್ನೆ ಬಿಟ್ಟುಬಿಡುವವರು ಜಾಸ್ತಿ. ಅದು ತಪ್ಪು. ಕೈಯನ್ನು ಭುಜದಿಂದ ಎತ್ತರಕ್ಕೆ, ಲಾಭ ಸಿಗುವ ತಂಡ ಆಡುತ್ತಿರುವ ಕಡೆಗೆ ಚಾಚಬೇಕು. ಇಲ್ಲದಿದ್ದರೆ ಅಂಪೈರ್ ನೋಡೇ ಇಲ್ಲ ಅಂದುಕೊಂಡು ಹುಡುಗರು ಆಟ ನಿಲ್ಲಿಸಿ ನಮ್ಮನ್ನೇ ನೋಡುತ್ತಾರೆ.

ಇಬ್ಬರು ಅಂಪೈರ್‌ಗಳು ಕಣ್ಣಲ್ಲೇ ಮಾತಾಡಿಕೊಳ್ಳುವುದಕ್ಕೆ ಒಂದು ಗಂಟೆ ಕೊಟ್ಟರು. ಗೋಲ್ ಕೊಡುವ ಮೊದಲು ಜೊತೆಗಾರರ ಕಡೆ ಒಂದು ನೋಟ. ಅವರ ಕೈ ಸುಮ್ಮನೆ ಕೆಳಗಿದ್ದರೆ ಸರಿ, ಏನಾದರೂ ಹೇಳಬೇಕಿದ್ದರೆ ಅವರು ಮುಂದೆ ಹೆಜ್ಜೆ ಇಡುತ್ತಾರೆ. ಇದನ್ನು ಮ್ಯಾಚಿಗೆ ಮೊದಲೇ ಇಬ್ಬರೂ ಮಾತಾಡಿಕೊಂಡಿರಬೇಕು.

ಇದೆಲ್ಲ ಯಾರಿಗಾಗಿ ಅನ್ನುವುದಕ್ಕೆ ಅಂಕಲ್ ಕೊಟ್ಟ ಉತ್ತರ ಹೀಗಿತ್ತು: ಗ್ಯಾಲರಿಯ ಕೊನೆಯ ಮೆಟ್ಟಿಲಲ್ಲಿ ಕೂತ ಅಜ್ಜಿಗೆ. ಕೊಡಗಿನಲ್ಲಿ ಇದು ಬರೀ ಮಾತಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಶುರು ಮಾಡಿದಾಗ 60 ತಂಡಗಳಿದ್ದವು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡ ಆಡಿದವು, ಗಿನ್ನೆಸ್ ದಾಖಲೆ ಆಯಿತು. ಆ ಗ್ಯಾಲರಿಗಳಲ್ಲಿ ಅಜ್ಜಿಯರು ಮೊಮ್ಮಕ್ಕಳ ಆಟ ನೋಡಲು ಬಿಸಿಲಲ್ಲಿ ಕೊಡೆ ಹಿಡಿದು ಕೂರುತ್ತಾರೆ. ಅವರಲ್ಲಿ ಎಷ್ಟೋ ಜನಕ್ಕೆ ಆಟ ನಮಗಿಂತ ಚೆನ್ನಾಗಿ ಗೊತ್ತು. ಅವರಿಗೆ ನಮ್ಮ ತೀರ್ಪು ಕಾಣಬೇಕು. ನಮ್ಮ ಪುಚ್ಚಿಮಂಡ ಅನುಪಮಾ ಅವರು ಇದೇ ಮಣ್ಣಿನಿಂದ ಹೋಗಿ ಅಂತಾರಾಷ್ಟ್ರೀಯ ಅಂಪೈರ್ ಆದವರು. 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಅಂಪೈರಿಂಗ್ ಮಾಡುವ ಕೊಡಗಿನ ಹೆಣ್ಣುಮಕ್ಕಳಿಗೆ ಅವರ ಹೆಸರು ಅಂದರೆ ಒಂದು ಧೈರ್ಯ. ಕ್ಲಾಸಿನಲ್ಲಿ ಅವರ ನೆನಪು ತೆಗೆದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ವಿಸಲ್ ಬಗ್ಗೆ ಹೇಳಿದ್ದು ಕಡಿಮೆ, ಆದರೆ ಉಪಯೋಗದ್ದು. ಒಳಗೆ ಗುಂಡು ಇರುವ ಹಳೇ ವಿಸಲ್ ಮಳೆಯಲ್ಲಿ, ಎಂಜಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ರಾನ್ ಫಾಕ್ಸ್‌ಕ್ರಾಫ್ಟ್ ಅವರಿಗೆ ದೊಡ್ಡ ಮ್ಯಾಚಿನಲ್ಲೇ ಹೀಗಾಯಿತಂತೆ. ಆಮೇಲೆ ಗುಂಡೇ ಇಲ್ಲದ ಫಾಕ್ಸ್ 40 ಮಾಡಿಸಿದರು, ಅದು 1987ರಲ್ಲಿ ಬಂತು. ನಾನು ಬಂದ ವಾರವೇ ಒಂದು ತರಿಸಿಕೊಂಡೆ. ನಮ್ಮ ಮಳೆಗೆ ಇದೇ ಸರಿ.

ಈಗ ಕೊರತೆಗಳು. ಇವನ್ನು ಅಂಕಲ್‌ಗೂ ಹೇಳಿದ್ದೇನೆ. ಮೊದಲ ದಿನ ಬೆಳಗ್ಗೆ ವಿಡಿಯೋ ಜಾಸ್ತಿ ಆಯಿತು. ಮಧ್ಯೆ ಕರೆಂಟ್ ಹೋಗಿ ಮುಕ್ಕಾಲು ಗಂಟೆ ಹಾಳಾಯಿತು, ಆ ಹೊತ್ತಿಗೆ ಕಣಕ್ಕೆ ಕರೆದುಕೊಂಡು ಹೋಗಬಹುದಿತ್ತು. ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿ, ಚಿತ್ರಗಳೂ ಅಮೆರಿಕನ್ ಫುಟ್‌ಬಾಲ್‌ನವೇ. ಹಾಕಿ ಸಿಗ್ನಲ್‌ಗಳ ಕನ್ನಡ ಹಾಳೆ ಒಂದು ಬೇಕೇ ಬೇಕು. ನಾನೇ ಬರೆದುಕೊಡುತ್ತೇನೆ ಅಂದಿದ್ದೇನೆ. ಬುಲ್ಲಿ (ಇಬ್ಬರು ಎದುರುಬದುರು ನಿಂತು ಆಟ ಮತ್ತೆ ಶುರು ಮಾಡುವುದು), ಸ್ಟಿಕ್ ಅಬ್‌ಸ್ಟ್ರಕ್ಷನ್ (ಎದುರಾಳಿಯ ಸ್ಟಿಕ್ಕಿಗೆ ಅಡ್ಡಿ ಮಾಡುವುದು) ಎರಡಕ್ಕೂ ಸಮಯ ಸಿಗಲಿಲ್ಲ. ಕಾರ್ಡ್ ತೋರಿಸುವುದನ್ನು ಕೊನೆಯ ಹತ್ತು ನಿಮಿಷದಲ್ಲಿ ಓಡಿಸಿದರು, ಇದು ನನಗೆ ಬೇಸರ ತಂದ ವಿಷಯ. ಹಸಿರು ಕಾರ್ಡಿಗೆ 2 ನಿಮಿಷ ಹೊರಗೆ, ಹಳದಿಗೆ ಕನಿಷ್ಠ 5 ನಿಮಿಷ, ಕೆಂಪಿಗೆ ಆಟದಿಂದಲೇ ಹೊರಗೆ ಅಂತ ಎಲ್ಲರಿಗೂ ಗೊತ್ತು. ಸಿಟ್ಟಿನಲ್ಲಿರುವ ಹದಿನಾಲ್ಕು ವರ್ಷದ ಹುಡುಗನ ಎದುರು ಅದನ್ನು ಹೇಗೆ ಹಿಡಿಯಬೇಕು ಅನ್ನುವುದೇ ನಮಗೆ ಬೇಕಾದ ಪಾಠ. ಕಬಡ್ಡಿಯ ಇಬ್ಬರಿಗೆ ಎರಡನೇ ದಿನ ಹೆಚ್ಚು ಕೆಲಸ ಇರಲಿಲ್ಲ, ಪಾಪ. ಹೆಂಗಸರಿಗೆ ಬಟ್ಟೆ ಬದಲಿಸಲು ಒಂದೇ ರೂಮು, ಚಿಲಕ ಸರಿ ಇಲ್ಲ.

ಊಟಕ್ಕೆ ಮಾತ್ರ ಒಂದು ಮಾತೂ ಇಲ್ಲ. ಮೊದಲ ದಿನ ಕಡಂಬುಟ್ಟು, ಪಂದಿಕರಿ, ಹಂದಿ ತಿನ್ನದವರಿಗೆ ಅಣಬೆ. ಎರಡನೇ ದಿನ ನೂಪುಟ್ಟು, ಕೋಳಿ ಸಾರು. ಆಂಟಿ ಮಾಡಿದ ಬೆಲ್ಲದ ಕಾಫಿ ಎರಡು ಲೋಟ ಕುಡಿದೆ. ಇನ್ನೂ ಹಾಕಿಕೊಳ್ಳಮ್ಮ ಅಂತ ನಿಂತು ಬಡಿಸಿದರು.

ಹೋಗುವವರಿಗೆ: ಬಸ್ಸಿನಲ್ಲಿ ಬರುವುದಾದರೆ ಅಮ್ಮತ್ತಿಯಲ್ಲಿ ಇಳಿದು ಆಟೋ ಹಿಡಿಯಬೇಕು. ಭಾನುವಾರ ಗೋಣಿಕೊಪ್ಪ ಸಂತೆ, ಆ ಕಡೆಯಿಂದ ಬರುವವರು ಬೇಗ ಹೊರಡಿ. ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ, ಗಾಢ ಬಣ್ಣದ್ದು ಹಾಕಿ, ಆಗ ಕೈ ಎಲ್ಲಿ ಮರೆಯಾಗುತ್ತದೆ ಅಂತ ವಿಡಿಯೋದಲ್ಲಿ ಸರಿಯಾಗಿ ಕಾಣುತ್ತದೆ. ಹೊಸದಾಗಿ ಅಂಪೈರಿಂಗ್ ಶುರು ಮಾಡುವವರು ಮೊದಲು ರೂಲ್ಸ್ ಓದಿಕೊಂಡು ಹೋಗಿ, ಇಲ್ಲದಿದ್ದರೆ ಅರ್ಧ ತಲೆಗೆ ಹತ್ತುವುದಿಲ್ಲ. ನನ್ನ ಹಾಗೆ ವರ್ಷಗಟ್ಟಲೆ ನಿಂತವರು ಖಂಡಿತ ಹೋಗಲೇಬೇಕು, ನಮ್ಮ ಕೈಗೆ ಕೆಟ್ಟ ಅಭ್ಯಾಸ ಕೂತುಬಿಟ್ಟಿರುತ್ತದೆ. 5ಕ್ಕೆ 4 ಕೊಡುತ್ತೇನೆ. ಕನ್ನಡ ಹಾಳೆ ಬಂದು, ಕಾರ್ಡಿಗೆ ಒಂದು ಗಂಟೆ ಸಿಕ್ಕರೆ ಉಳಿದ ಒಂದೂ ಕೊಡುತ್ತೇನೆ.

ಎರಡನೇ ದಿನ ಸಂಜೆ ಅದೇ ಸಿಲ್ವರ್ ಓಕ್ ಪರೀಕ್ಷೆ ಮತ್ತೆ ಮಾಡಿಸಿದರು. ಈ ಸಲ 20ರಲ್ಲಿ 18. ತಪ್ಪಿದ ಎರಡೂ ಅಪಾಯದ ಆಟ ಮತ್ತು ಅಬ್‌ಸ್ಟ್ರಕ್ಷನ್, ಒಂದಕ್ಕೊಂದು ಅದಲುಬದಲು. ದಿನಾ ಬೆಳಗ್ಗೆ ಅಸೆಂಬ್ಲಿಗೆ ಮೊದಲು ಸ್ಟಾಫ್ ರೂಮಿನ ಕನ್ನಡಿ ಮುಂದೆ ಐದು ನಿಮಿಷ ಅವೆರಡನ್ನೇ ಮಾಡುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಒಂದು ಬೇಸಿಗೆ ಶಿಬಿರದ ಮ್ಯಾಚಿಗೆ ನಿಂತೆ. ಹೋದ ವರ್ಷ ಅತ್ತ ಆ ಫಾರ್ವರ್ಡ್ ಹುಡುಗಿಯೂ ಅದರಲ್ಲಿ ಆಡುತ್ತಿದ್ದಳು. ಮೂರನೇ ಕ್ವಾರ್ಟರ್‌ನಲ್ಲಿ ಸರ್ಕಲ್ ಒಳಗೆ ಮತ್ತೆ ಬಾಲ್ ಒಬ್ಬಳ ಕಾಲಿಗೆ ತಗುಲಿತು. ವಿಸಲ್ ಬಾಯಲ್ಲೇ ಇತ್ತು, ಊದಲಿಲ್ಲ. ನಿಂತೆ, ನೋಡಿದೆ. ಬಾಲ್ ಸಿಡಿದು ಅವಳ ಸ್ಟಿಕ್ಕಿಗೇ ಹೋಯಿತು, ಅವಳು ಹೊಡೆದಳು, ಒಳಗೆ ಹೋಯಿತು. ಜೊತೆಗಾರರ ಕಡೆ ನೋಡಿದೆ. ಅವರ ಕೈ ಕೆಳಗಿತ್ತು. ಆಮೇಲೆ ತಿರುಗಿ ಎರಡೂ ಕೈಯನ್ನು ಮೈದಾನದ ನಡುವಿಗೆ ಚಾಚಿ, ಎರಡು ಸಲ ಇಗ್ಗುತ್ತಪ್ಪ ಅನ್ನುವವರೆಗೂ ಇಳಿಸದೆ ಹಿಡಿದೆ. ಟೇಬಲ್‌ನವರು ಒಂದು ಮಾತೂ ಕೇಳದೆ ಬರೆದುಕೊಂಡರು.

ಮುಂದಿನ ಬ್ಯಾಚ್ ಹುತ್ತರಿ ಕಳೆದು, ಕಾಫಿ ಕುಯ್ಲು ಮುಗಿದ ಮೇಲೆ. ನಮ್ಮ ಶಾಲೆಯಿಂದ ಈಗಲೇ ಇಬ್ಬರ ಹೆಸರು ಕೊಟ್ಟಿದ್ದೇನೆ, ಒಂದು ನನ್ನದೇ.